ಮೂರು ಕಾಫಿ ಬೀಜ, ಒಂದು ತ್ರಿಕೋನ

ನಿಯಮ ಬಹಳ ಸಣ್ಣದು. ಹಾಳೆಯ ಮೇಲೆ ಮೂರು ಮೂಲೆ ಗುರುತಿಸಬೇಕು. ಒಂದು ಮೂಲೆಯಿಂದ ಹೊರಟು, ಚೀಟಿ ಎತ್ತಿದಾಗ ಯಾವ ಮೂಲೆ ಬಂತೋ ಅದರ ಕಡೆಗೆ ಅರ್ಧ ದಾರಿ ಹೋಗಿ ಚುಕ್ಕಿ ಇಡಬೇಕು. ಆ ಚುಕ್ಕಿಯಿಂದ ಮತ್ತೆ ಚೀಟಿ, ಮತ್ತೆ ಅರ್ಧ ದಾರಿ. ಇಷ್ಟನ್ನೇ ಮಾಡುತ್ತ ಹೋದರೆ ತ್ರಿಕೋನದೊಳಗೆ ತ್ರಿಕೋನ, ಅದರೊಳಗೂ ತ್ರಿಕೋನ ತಾನಾಗಿ ಮೂಡುತ್ತದೆ ಎಂದು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು ಹೇಳಿದಾಗ ನಾನು ನಂಬಲಿಲ್ಲ.

"ನಂಬಬೇಡಿ. ಇಬ್ಬಿಬ್ಬರು ಸೇರಿ ಕೈಯಲ್ಲೇ ಮಾಡಿ ನೋಡಿ," ಎಂದರು.

ನನ್ನ ಜೊತೆಗೆ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮಗಳು. ಒಂದನೇ ಕ್ಲಾಸಿನಿಂದ ನಾವಿಬ್ಬರೂ ಕಕ್ಕಬೆಯಿಂದ ಒಂದೇ ಬಸ್ಸು, ಒಂದೇ ಸೀಟು.

ಚೀಟಿಯ ಬದಲು ಬಟ್ಟೆಯ ಚೀಲಕ್ಕೆ ಕಾಫಿ, ಮೆಣಸು, ಏಲಕ್ಕಿ ಒಂದೊಂದು ಹಾಕಿದೆವು. "ಏಲಕ್ಕಿ ಬರ್ತದೆ ನೋಡು," ಎಂದು ಕಣ್ಣು ಮುಚ್ಚಿ ಕೈ ಹಾಕಿದೆ. ಏಲಕ್ಕಿಯೇ ಬಂತು. ಮತ್ತೊಮ್ಮೆಯೂ.

"ಮಾರಾಯ್ತಿ, ನಿನ್ನ ಬೆರಳಿಗೇ ಕಣ್ಣುಂಟು!" ಎಂದು ನಕ್ಕಳು.

ಕೊನೆಗೆ ಒಂದೇ ಗಾತ್ರದ, ಒಳಸಿಪ್ಪೆ ಬಿಡಿಸದ ಮೂರು ಪಾರ್ಚ್‌ಮೆಂಟ್ ಕಾಫಿ ಬೀಜ ಆರಿಸಿ, ಬಿಳಿಚು ಸಿಪ್ಪೆಗೆ ಕೆಂಪು, ನೀಲಿ, ಹಸಿರು ಇಂಕು ಹಚ್ಚಿದೆವು. ಕೆಂಪು, ನೀಲಿ ಕೆಳಗಿನ ಮೂಲೆಗಳಿಗೆ, ಹಸಿರು ತುದಿಗೆ. ಹಾಳೆಯೂ ಚೀಲವೂ ಒಂದು ವಾರ ನನ್ನ ಹತ್ತಿರ, ಒಂದು ವಾರ ಅವಳ ಹತ್ತಿರ.

ಜುಲೈ ಮೊದಲ ವಾರ ನನ್ನದು. ಬೀಜ ಎತ್ತಿದ ಪ್ರತಿ ಸಲಕ್ಕೂ ಡೈರಿಯಲ್ಲಿ ಒಂದು ಗೀಟು ಎಳೆದೆ. ಗೀಟು ಸಾಲುಗಟ್ಟಿದವು, ಹಾಳೆಯಲ್ಲಿ ಮಾತ್ರ ಏನೂ ಕಾಣಲಿಲ್ಲ. "ನೊಣ ಕೂತು ಎದ್ದ ಹಾಗೆ ಉಂಟು," ಎಂದಳು ಅವಳು.

ತನ್ನ ವಾರ ಮುಗಿಸಿ ಶನಿವಾರ ಹಾಳೆ, ಚೀಲ ಹಿಡಿದು ನಮ್ಮ ಮನೆಗೇ ಬಂದಳು. ನಡುವೆ ಖಾಲಿ ತ್ರಿಕೋನ. ಅದರ ಮೂರೂ ಕಡೆ ಅಂಥದ್ದೇ ಚಿಕ್ಕವು, ಅವುಗಳ ಪಕ್ಕ ಇನ್ನೂ ಚಿಕ್ಕವು. ಅಡುಗೆಮನೆಗೆ ಓಡಿದೆ. "ನೋಡಮ್ಮ, ಇದು ನಾವು ಬಿಡಿಸಿದ್ದಲ್ಲ. ತಾನಾಗಿ ಬಂದದ್ದು!" ಗೆಳತಿ ಪಕ್ಕದಲ್ಲೇ ನಿಂತು ನಗುತ್ತಿದ್ದಳು.

ಮರುದಿನ ಸ್ವೆಟರ್ ಒಗೆಯುವಾಗ ಜೇಬಿನ ಹರಿದ ಅಸ್ತರಿನೊಳಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಹಸಿರು ಬೀಜ. ನನ್ನ ಸರದಿಯ ಕೊನೆಯಲ್ಲಿ ಎತ್ತಿದ್ದನ್ನು ಚೀಲಕ್ಕೆ ಹಾಕದೆ ಜೇಬಿಗೆ ಹಾಕಿಕೊಂಡಿರಬೇಕು.

ಅಯ್ಯೋ, ಅವಳ ಶ್ರಮವೆಲ್ಲ ಹಾಳಾಯಿತಲ್ಲ ಎಂದೇ ಮೊದಲು ಅನ್ನಿಸಿದ್ದು. ಚೀಲದಲ್ಲಿ ಕೆಂಪು, ನೀಲಿ ಮಾತ್ರ ಇದ್ದರೆ ಚುಕ್ಕಿ ಪ್ರತಿ ಸಲವೂ ಅರ್ಧ ಕೆಳಗಿಳಿಯುತ್ತ ಹೋಗಿ ತಳದ ಗೆರೆಗೆ ಅಂಟಿಬಿಡುತ್ತದೆ. ಮೇಲೇಳುವ ದಾರಿಯೇ ಇಲ್ಲ. ಒದ್ದೆ ಕೈಯಲ್ಲೇ ಹೋಗಿ ಹಾಳೆ ಬಿಚ್ಚಿದೆ. ತುದಿಯ ತನಕ ಅವಳ ಚುಕ್ಕಿಗಳು, ಒಂದಕ್ಕಿಂತ ಒಂದು ಅಚ್ಚುಕಟ್ಟು.

ಸೋಮವಾರ ಬಸ್‌ಸ್ಟಾಪಿನಲ್ಲಿ ಅಂಗೈ ಬಿಡಿಸಿ ತೋರಿಸಿದೆ.

"ಎಲ್ಲಿತ್ತಿದು?"

"ನನ್ನ ಸ್ವೆಟರಲ್ಲಿ. ನಿನ್ನ ವಾರ ಪೂರ್ತಿ."

ಅವಳು ರಸ್ತೆ ನೋಡಿದಳು. "ಚೀಲ ಬಿಚ್ಚಲೇ ಇಲ್ಲ ಮಾರಾಯ್ತಿ. ಮೊಬೈಲಲ್ಲಿ ಚಿತ್ರ ಸಿಕ್ಕಿತು, ನೋಡಿ ಚುಕ್ಕಿ ಇಟ್ಟೆ. ಹೇಗೂ ಅದೇ ತಾನೆ ಬರೋದು?"

"ನಾನು ಅಮ್ಮನಿಗೆ ತೋರಿಸುವಾಗ ಪಕ್ಕದಲ್ಲೇ ಇದ್ದೆಯಲ್ಲ."

"ನೀನು ಅಷ್ಟು ಖುಷಿಯಲ್ಲಿದ್ದೆ. ಎಂತ ಹೇಳೋದು?"

ಬಸ್ಸು ಬಂತು. ಅವಳು ಎಂದಿನಂತೆ ಬ್ಯಾಗಿಟ್ಟು ನನಗೆ ಸೀಟು ಹಿಡಿದಳು. ನಾನು ಕಂಬಿ ಹಿಡಿದು ನಿಂತೇ ಹೋದೆ.

ಹೊಸ ಹಾಳೆಯಲ್ಲಿ ಒಬ್ಬಳೇ ಮತ್ತೆ ಶುರು ಮಾಡಿದೆ. ಆಗಸ್ಟ್ ಮುಗಿಯುವ ಹೊತ್ತಿಗೆ ಡೈರಿಯ ಪುಟಗಳು ಗೀಟುಗಳಿಂದ ತುಂಬಿದ್ದವು. ನಡುವಿನ ಖಾಲಿ ಜಾಗಕ್ಕೆ ಒಂದು ಚುಕ್ಕಿಯೂ ಬೀಳಲಿಲ್ಲ. ಸುತ್ತ ಚಿಕ್ಕ ತ್ರಿಕೋನಗಳು ಸ್ವಲ್ಪ ಸ್ವಲ್ಪವಾಗಿ ತೆರೆದುಕೊಂಡವು. ಅವಳು ಹೇಳಿದ್ದು ನಿಜ, ಅದೇ ಚಿತ್ರ ಬಂತು. ನಾನು ಅದನ್ನು ಪೂರ್ತಿ ನೋಡಿ, ತಾರೀಖು ಬರೆದು, ಮಡಚಿಟ್ಟೆ. ಅಡುಗೆಮನೆಗೆ ಓಡಲಿಲ್ಲ. ಆ ಓಟವನ್ನು ಅವಳ ಚುಕ್ಕಿಗಳಿಗಾಗಿ ಓಡಿ ಮುಗಿಸಿದ್ದೆ.