ಜೊತೆಗೆ ಯಾರು ಬಂದಿದ್ರು?

"ಮೇಡಂ, ಆ ದಿನ ಆಸ್ಪತ್ರೆಗೆ ನಿಮ್ಮ ಜೊತೆಗೆ ಯಾರು ಬಂದಿದ್ರು?"

ಕಳೆದ ವಾರ ಫೋನಿನಲ್ಲಿ ಬಂದ ಪ್ರಶ್ನೆ. ಕೇಳಿದವಳು ಡಾಕ್ಟರ್ ದೀಕ್ಷಾ. ಅಜ್ಜಾವರದ ಹುಡುಗಿ, ಎಮರ್ಜೆನ್ಸಿ ಮೆಡಿಸಿನ್‌ನಲ್ಲಿ ಪಿಜಿ ಮಾಡುತ್ತಿದ್ದಾಳೆ. ಬೇಸಿಗೆಯಲ್ಲಿ ಸುಳ್ಯದ ಬಸ್ ಸ್ಟ್ಯಾಂಡಿನಲ್ಲಿ ನನಗೆ ಕಣಜ ಕುಟುಕಿ, ಮುಖ ಊದಿ, ಉಸಿರು ಕಟ್ಟಿದಾಗ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಬದುಕಿಸಿದವಳು. (ಹೌದು, ಒಂದೇ ಒಂದು ಕಣಜ. ನಗಬೇಡಿ.)

ಎಮರ್ಜೆನ್ಸಿಗೆ ಒಬ್ಬರೇ ಬರುವವರು ಮನೆಗೆ ಹೋದ ಮೇಲೆ ಹೇಗಿರುತ್ತಾರೆ? ಇದು ಅವಳ ಥೀಸಿಸ್.

"ಆಟೋದವನು ಬಂದಿದ್ದ" ಎಂದೆ.

"ಅವ್ರು ಬಿಟ್ಟು ಹೋದ್ರಲ್ಲ. ಮನೆಯವರು?"

"ಮನೆಯಲ್ಲಿ ನಾನೇ ಮನೆಯವರು ಮಾರಾಯ್ತಿ."

ನಕ್ಕಳು. ಆಮೇಲೆ ನಕ್ಕದ್ದಕ್ಕೆ ಸಾರಿ ಅಂದಳು.

ಮದ್ದು ಸರಿಯಾಗಿ ತಗೊಂಡ್ರಾ? ತಗೊಂಡೆ. ಪುನಃ ಉಸಿರು ಕಟ್ಟಿತಾ? ಇಲ್ಲ. ಪ್ರಶ್ನೆಗಳು ಮುಗಿಯುತ್ತಾ ಬಂದವು. ನನಗೋ, ಮುಗಿಯುವುದೇ ಬೇಡ. ನನ್ನನ್ನು ಇಷ್ಟು ಹೊತ್ತು ಕೂರಿಸಿ ವಿಚಾರಿಸಿದವರು ಯಾರಿದ್ದಾರೆ?

"ಕೊನೇದು. ಅವತ್ತು ಮಲಗುವಾಗ ಹೆದರಿಕೆ ಆಯ್ತಾ?"

"ಬಾಗಿಲಿಗೆ ಚಿಲಕ ಹಾಕದೆ ಮಲಗಿದೆ."

"ಎಂತಕ್ಕೆ?"

"ಏನಾದರೂ ಆದರೆ ಪಾಪ, ಯಾರೂ ಬಾಗಿಲು ಒಡೆಯುವುದು ಬೇಡ ಅಂತ."

ಅವಳು ಪ್ರಶ್ನೆ ಬಿಟ್ಟು ತನ್ನ ಕಥೆ ಹೇಳಿದಳು.

"ಹಾಸ್ಟೆಲಲ್ಲಿ ಡೆಂಗ್ಯೂ ಬಂದಾಗ ನಾನೂ ಹಾಗೇ ಮಲಗಿದ್ದೆ ಮೇಡಂ. ಮನೆಗೆ ಹೇಳ್ಲಿಲ್ಲ. ಅವ್ವ ಹೆದರ್ತಾರೆ."

ಇಡೀ ದಿನ ಜನರ ನಡುವೆಯೇ ಓಡಾಡುವ ಡಾಕ್ಟರ್!

"ಇದನ್ನು ಥೀಸಿಸಿನಲ್ಲಿ ಬರೀತೀಯಾ?"

"ಆಸೆ ಉಂಟು. ಆದ್ರೆ ಚಿಲಕವನ್ನು ಅಳೆಯುದು ಹೇಗೆ ಅಂತ ನಮ್ಮ ಸರ್ ಕೇಳ್ತಾರೆ."

ಅಷ್ಟರಲ್ಲಿ ಯಾರೋ ಅವಳನ್ನು ಕೂಗಿದರು. ಆಂಬ್ಯುಲೆನ್ಸ್ ಬಂದಿರಬೇಕು. ಫೋನ್ ಇಟ್ಟಳು. ಮನೆ ಮೊದಲಿಗಿಂತ ಹೆಚ್ಚು ಖಾಲಿ ಅನಿಸಿತು.

ಮರುದಿನ ಮನೆಯ ಇನ್ನೊಂದು ಕೀಲಿಕೈ ಹಿಡಿದುಕೊಂಡು ಪಕ್ಕದ ನಫೀಸಾ ಅವರ ಗೇಟು ತೆರೆದೆ. ನರಿಮೊಗರಿನಲ್ಲಿ ನಾವು ಎಷ್ಟೋ ವರ್ಷಗಳಿಂದ ನೆರೆಯವರು. ಪರಿಚಯ ಮಾತ್ರ ಕಾಂಪೌಂಡಿನ ಮೇಲಿನ ಒಂದು ನಗುವಿನಷ್ಟು.

"ಎಂತ ಇದು?"

"ಸುಮ್ಮನೆ. ನಿಮ್ಮ ಹತ್ರ ಒಂದು ಇರಲಿ ಅಂತ."

ನನ್ನ ಮುಖವನ್ನೇ ನೋಡಿದರು. ಕೀಲಿಕೈ ತಗೊಂಡು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಅವರ ಮನೆಯ ಕೀಲಿಕೈ.

"ನಮ್ಮ ಇವ್ರು ಇರುದು ದುಬಾಯಿಯಲ್ಲಿ. ಮಗಳಿಗೆ ಮದುವೆ ಆಯ್ತು. ಯಾರಿಗೆ ಕೊಡುದು ಅಂತ ನಾನೂ ನೋಡ್ತಾ ಇದ್ದೆ ಮಾರಾಯ್ರೆ."

ನಿಮ್ಮ ಮನೆಯ ಇನ್ನೊಂದು ಕೀಲಿಕೈ ಯಾರ ಹತ್ತಿರ ಉಂಟು?