ಹುಕ್ಕೇರಿಯವರು ಕೇಳಿದಾಗ ನಾನು ಹೇಳದ ಮಾತು

ತಮ್ಮನಿಗೆ ಹೆಣ್ಣು ಕೊಡಬೇಕೆಂದಿದ್ದ ಹುಕ್ಕೇರಿಯವರು ಅವನ ತಲೆ ಸರಿಯಿದೆಯೇ ಎಂದು ಕೇಳಿದಾಗ ನಾನು ಹೌದು ಎನ್ನಲಿಲ್ಲ. ಅಷ್ಟು ಸಣ್ಣ ಮಾತು — ಹೇಳಲಿಲ್ಲ.

ನನ್ನ ತಮ್ಮ ಮಲ್ಲಪ್ಪನಿಗೆ ಗೋಕಾಕದಲ್ಲಿ ವೆಲ್ಡಿಂಗ್ ಕೆಲಸ. ಕಲ್ಲೋಳಿಯಲ್ಲಿ ಚಿಕ್ಕವರಿದ್ದಾಗ ನೆರೆಮನೆಯ ಟಿ.ವಿ.ಯಲ್ಲಿ ಹಾರುವ ವೀರನೊಬ್ಬನ ಸಿನಿಮಾ ನೋಡಿದ್ದೆವು. ಎಷ್ಟೋ ವರ್ಷಗಳ ಮೇಲೆ ಅದರ ಎರಡನೇ ಭಾಗ ಬಂತು. ಅದೇ ನಟ, ಈಗ ಮುದುಕ, ಅದೇ ವೇಷ. ಮೂಡಲಗಿಯಲ್ಲಿ ಸಂಸಾರ ಮಾಡಿಕೊಂಡಿದ್ದ ನನ್ನನ್ನೂ ನನ್ನ ನಾದಿನಿಯನ್ನೂ ಮಲ್ಲಪ್ಪ ತಾನೇ ಕರೆಸಿಕೊಂಡು ತೋರಿಸಿದ.

ಆಟ ಬಿಟ್ಟಾಗ ಟಾಕೀಸಿನ ಹೊರಗೆ ಒಬ್ಬ ಮೊಬೈಲ್ ಹಿಡಿದು, ಸಿನಿಮಾ ಹೆಂಗೈತ್ರಿ ಎಂದು ಎಲ್ಲರನ್ನೂ ಕೇಳುತ್ತಿದ್ದ. ಮಲ್ಲಪ್ಪನ ಕಣ್ಣಲ್ಲಿ ಇನ್ನೂ ನೀರಿತ್ತು.

“ಕಥಿ ಏನೂ ಇಲ್ರಿ, ಹಳೇ ಸಿನಿಮಾದ ಮಾತನ್ನ ಮತ್ತ ಹೇಳಸ್ಯಾರ. ಆದ್ರ ಮೊಣಕಾಲ ನಡುಗಿದ್ರೂ ಆ ಮುದುಕ ಹಾರಾಕ ನಿಂತನಲ್ರಿ — ನನಗ ಅಷ್ಟ ಸಾಕಾತು. ಸಣ್ಣಾಂವ ಇದ್ದಾಗ ನಮ್ಮಕ್ಕ ತನ್ನ ಕೆಂಪು ಲಂಗಾ ಹರಿದು ನನಗ ರೆಕ್ಕಿ ಹೊಲದಿದ್ಲು. ಹೇಳ ಅಕ್ಕಾ!”

ಮೊಬೈಲು ನನ್ನ ಕಡೆ ತಿರುಗಿತು. ನಾದಿನಿ ಪಕ್ಕದಲ್ಲೇ ಕಿಸಕ್ಕೆಂದಳು: “ವೈನೀ, ನಿಮ್ಮ ತಮ್ಮ ಹಾರ್ತಾನೇನ್ರಿ?”

ಕತ್ತಲಲ್ಲಿ ಕೂತು ನಾನೂ ಅತ್ತಿದ್ದೆ. ರೆಕ್ಕೆ ಹೊಲಿದವಳೂ ನಾನೇ. ಆದರೂ ಅಂದೆ: “ನಾ ಎಲ್ಲಿ ಹೊಲದೇನಿ? ಇವನ ತಲಿ ಮೊದಲಿಂದಾನೂ ಹಂಗ ಐತ್ರಿ.”

ಎಲ್ಲರೂ ನಕ್ಕರು. ನಾನೂ. ಮುಖ ಒರೆಸಿಕೊಳ್ಳುತ್ತ ಮಲ್ಲಪ್ಪನೂ.

ಆ ವಿಡಿಯೋ ಊರೂರು ತಿರುಗಿತು. “ಮಲ್ಲ್ಯಾ, ತಗಡಿನ ಛಾವಣಿ ಏರಾಕ ನಿಚ್ಚಣಿಕಿ ಯಾಕೋ? ಹಾರಿ ಹೋಗ!” ಎಂದು ಅಂಗಡಿಗೆ ಬಂದವರೆಲ್ಲ ಕಾಡಿದರು.

ಆಗ ಹುಕ್ಕೇರಿಯ ಹುಡುಗಿಯೊಬ್ಬಳೊಡನೆ ಅವನ ಮದುವೆಯ ಮಾತು ನಡೆದಿತ್ತು. ನಮ್ಮ ಕಡೆ ಹುಡುಗನ ವಿಷಯ ಕಡೆಗೆ ಕೇಳುವುದು ಮದುವೆಯಾಗಿ ಹೋದ ಅಕ್ಕನನ್ನೇ. ತವರಿನ ಒಳಗು ಬಲ್ಲವಳು, ಈಗ ಬೇರೆ ಮನೆಯವಳು — ಸುಳ್ಳು ಹೇಳಲಾರಳು ಎಂಬ ನಂಬಿಕೆ. ಹುಡುಗಿಯ ದೊಡ್ಡವ್ವ ನನಗೆ ಫೋನ್ ಮಾಡಿದರು.

“ಏನವಾ, ವಿಡಿಯೋದಾಗ ನೀ ಅಂದದ್ದು ಖರೆ ಏನು? ಹುಡುಗನ ತಲಿ ಸರಿ ಐತಿಲ್ಲೋ?”

ಸರಿ ಐತಿ ಎಂದರೆ ಟಾಕೀಸಿನ ಮುಂದೆ ಸುಳ್ಳು ಹೇಳಿದವಳು ನಾನಾಗುತ್ತಿದ್ದೆ. ನಾದಿನಿ ಎದುರಿಗೇ ಕೂತಿದ್ದಳು. ನಾನು ಸುಮ್ಮನಿದ್ದೆ. ಅವರು ಕಾದರು — ಪಾಪ, ಬಹಳ ಹೊತ್ತು ಕಾದರು.

“ತಿಳೀತ ಬಿಡವಾ.”

ಫೋನ್ ಇಟ್ಟು ನಾನು ಚಹಾಕ್ಕೆ ನೀರಿಟ್ಟೆ.

ಆ ಹುಡುಗಿಯನ್ನು ಕೌಜಲಗಿಗೆ ಕೊಟ್ಟರು. ಮಲ್ಲಪ್ಪನಿಗೆ ಮತ್ತೆ ಯಾರೂ ಹೆಣ್ಣು ಕೊಡಲಿಲ್ಲ. “ನಾನ ಅಳಬಾರದಿತ್ತಕ್ಕಾ, ಸಿನಿಮಾ ನೋಡಿ ಯಾರರ ಅಳ್ತಾರೇನು?” ಎಂದು ತನ್ನನ್ನೇ ಬೈದುಕೊಂಡ. ಟಾಕೀಸಿಗೆ ಹೋಗುವುದನ್ನೇ ಬಿಟ್ಟ. ಹಾಗೇ ತಿಳಿದುಕೊಂಡಿರಲಿ ಎಂದು ನಾನು — ಇಷ್ಟು ದಿನ —

ಮೊನ್ನೆ ಅವನ ಅಂಗಡಿಗೆ ಹೋದೆ. ಗೇಟು ಮಾಡಿಸಲು ಬಂದವರು ಮೂರ್ನಾಲ್ಕು ಜನ ನಿಂತಿದ್ದರು.

“ಹುಕ್ಕೇರಿಯವರು ನನಗ ಫೋನ್ ಮಾಡಿದ್ರು. ನಿನ್ನ ತಲಿ ಸರಿ ಐತೇನು ಅಂತ ಕೇಳಿದ್ರು.”

ಅವನು ಕಣ್ಣಿನ ಕರಿಗಾಜು ತೆಗೆದ. “ನೀ ಏನಂದಿ?”

“ಏನೂ ಅನಲಿಲ್ಲ.”

“ಒಂದ ಮಾತ ಅನಬಾರದಿತ್ತೇನಕ್ಕಾ —” ಎಂದ. ಕರಿಗಾಜನ್ನು ಅಂಗಿಯ ತುದಿಗೆ ಒರೆಸತೊಡಗಿದ.

ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದೆ: “ತಪ್ಪಾತೋ ಮಲ್ಲಪ್ಪಾ. ನೀ ಶಾಣ್ಯಾ ಇದ್ದಿ, ನಿನ್ನ ತಲಿ ಸರಿ ಐತಿ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚಗೊಂಡ ಕುಂತೆ.”