ತಾಡಪತ್ರಿಗೆ ಚುಕ್ಕಿ ಇಡುವ ಸಾಬೀರಾ

ಲಕ್ಷ್ಮೇಶ್ವರದ ಬಜಾರದಲ್ಲಿ ಚಹಾದಂಗಡಿಯ ಒಲೆ ಇನ್ನೂ ಹೊತ್ತಿಲ್ಲ. ಸಾಬೀರಾ ಮಾತ್ರ ತಮ್ಮ ಅಂಗಡಿಯ ಮುಂದೆ ಲಾರಿಗೆ ಹೊದಿಸುವ ದಪ್ಪನೆಯ ಕರಿ ತಾಡಪತ್ರಿ ಹರವಿಕೊಂಡು, ದಬ್ಬಣ ಹಿಡಿದು ಕೂತಿದ್ದಾರೆ. ಚುಚ್ಚುತ್ತಾರೆ, ಎತ್ತಿ ಬೆಳಕಿಗೆ ಹಿಡಿಯುತ್ತಾರೆ, ಮತ್ತೆ ಚುಚ್ಚುತ್ತಾರೆ. ಹತ್ತು ಗಂಟೆಗೆ ಇದು ಹೈಸ್ಕೂಲಿನ ಮೈದಾನದಲ್ಲಿ ಡೇರೆಯಾಗಿ ನಿಲ್ಲಬೇಕು. ಹೊರಗಿನ ಬಿಸಿಲು ಸಣ್ಣ ತೂತುಗಳಿಂದ ಒಳಗಿನ ಕತ್ತಲೆಗೆ ಇಳಿದು, ಹಾಡಹಗಲೇ ಚುಕ್ಕಿಗಳು ಕಾಣಬೇಕು. ಆದರೆ ಅರ್ಧ ಆಕಾಶ ಮುಚ್ಚಿಹೋಗಿದೆ.

ಮುಚ್ಚಿದವರು ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದಾರೆ, ಅತ್ತೆ ಮೋತಿಬಿ. ನಿನ್ನೆ ಸಂಜೆ ಸೊಸೆ ಡೇರೆಯ ಕೋಲು ತರಲು ಹೋದಾಗ ಈ ತಾಡಪತ್ರಿ ಅವರ ಕಣ್ಣಿಗೆ ಬಿದ್ದಿದೆ. ಪಾಪ, ಸೊಸೆಗೆ ಕೆಲಸ ಹಗುರಾಗಲಿ ಎಂದು ಅಂಟಿನ ಸಲೂಶನ್ ಡಬ್ಬಿ ತಗೊಂಡು ತೂತುಗಳಿಗೆಲ್ಲ ತ್ಯಾಪಿ ಹಚ್ಚುತ್ತಾ ಹೋಗಿದ್ದಾರೆ.

“ಇಷ್ಟ ತೂತ ಬಿದ್ದದ್ದನ್ನ ಹಂಗ ಕೊಟ್ರ ನಮ್ಮ ಅಂಗಡಿ ಮರ್ಯಾದಿ ಏನಾಗಬೇಕ್ರಿ?” ಎಂದು ನೋಡಲು ಬಂದ ನನ್ನನ್ನೇ ಕೇಳುತ್ತಾರೆ.

ಅವರನ್ನು ಬೈಯುವುದಾದರೂ ಹೇಗೆ? ಲಾರಿಯ ತಾಡಪತ್ರಿಯನ್ನು ಬಿಸಿಲಿಗೆ ಹಿಡಿದು ತೂತು ಹುಡುಕುವುದು, ಹುಡುಕಿ ಮುಚ್ಚುವುದು, ಇದೇ ಈ ಮನೆಯ ದಂಧೆ. ಸಾಬೀರಾಗೆ ಇದು ಗಂಡ ಇನಾಯತ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಬಂದ ಕೆಲಸ. ದಪ್ಪ ಬಟ್ಟೆ ಎಳೆದೆಳೆದು ಬೆರಳುಗಳು ಬಿರುಸಾಗಿವೆ.

ಗದಗ ಹೊಸ ಜಿಲ್ಲೆಯಾದ ವರ್ಷ ಇದೇ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿ ಮುಗಿಸಿದವರು ಇಲ್ಲೊಂದು ಹಳೆ ವಿದ್ಯಾರ್ಥಿಗಳ ಬಳಗ ಕಟ್ಟಿಕೊಂಡಿದ್ದಾರೆ. ಮಕ್ಕಳು ಬಾಹ್ಯಾಕಾಶದ ಬಗ್ಗೆ ಕಲಿಯಲಿ ಎಂದು ಶಾಲೆಗೆ ದುರ್ಬೀನು ಕೊಟ್ಟರು. ಹಾರ ಹಾಕಿಸಿಕೊಂಡರು, ಫೋಟೊ ತೆಗೆಸಿಕೊಂಡರು. ದುರ್ಬೀನು ಕಪಾಟು ಸೇರಿತು. ಚುಕ್ಕಿ ನೋಡಲು ರಾತ್ರಿಯಾಗಬೇಕು, ರಾತ್ರಿ ಹೆಣ್ಣುಮಕ್ಕಳನ್ನು ಶಾಲೆಗೆ ಯಾರು ಕಳಿಸುತ್ತಾರೆ? ಅಲ್ಲೇ ಓದುವ ಸಾಬೀರಾ ಅವರ ಮಗಳು ರುಹಿ ಆ ದುರ್ಬೀನನ್ನು ಮುಸುಕು ಹಾಕಿದ್ದಾಗ ಮಾತ್ರ ನೋಡಿದ್ದಾಳೆ.

ಈಗ ಬಳಗ ಮತ್ತೆ ಯೋಚನೆಗೆ ಕೂತಿದೆ. ಅಧ್ಯಕ್ಷ ದೇವೇಂದ್ರಪ್ಪನವರಿಗೆ ಶಾಲೆಯ ಬಾಗಿಲಲ್ಲಿ ಸಿಮೆಂಟಿನ ರಾಕೆಟ್ ನಿಲ್ಲಿಸಿ, ಬುಡದಲ್ಲಿ ದಾನಿಗಳ ಹೆಸರು ಕೆತ್ತಿಸುವ ಆಸೆ. ಈ ಹೆಸರು ಕೆತ್ತಿಸುವ ಚಪಲ ನಮ್ಮ ಜನರನ್ನು ಯಾವಾಗ ಬಿಡುತ್ತದೋ ನಾ ಕಾಣೆ. ಅದೇ ಬಳಗದ ವಿಜ್ಞಾನ ಶಿಕ್ಷಕಿ ಶೀತಲ್ ಊರೂರಿಗೆ ಒಯ್ಯಬಹುದಾದ ಹಗಲಿನ ಆಕಾಶ ಬೇಕೆಂದು ಹಟ ಹಿಡಿದು, ಚುಕ್ಕಿಗಳ ನಕ್ಷೆ ಕೊಟ್ಟು ಈ ಡೇರೆ ಹೊಲಿಸಿದ್ದಾರೆ. ಎರಡರಲ್ಲಿ ಯಾವುದು ಎನ್ನುವುದು ಇವತ್ತೇ ತೀರ್ಮಾನ.

“ಇವತ್ತ ಕೆಟ್ಟಿತಂದ್ರ ಕೆಟ್ಟಂಗ,” ಎನ್ನುತ್ತಾರೆ ಸಾಬೀರಾ, ದಬ್ಬಣದಿಂದ ಕಣ್ಣೆತ್ತದೆ. “ರಾಕೆಟ್ ನಿಂದ್ರತೈತಿ. ನನ್ನ ಮಗಳು ಅದರ ಮುಂದ ಫೋಟೊ ಹೊಡಸ್ಕೋಬೇಕು, ಅಷ್ಟ.”

ಹತ್ತಕ್ಕೆ ಡೇರೆ ನಿಲ್ಲುತ್ತದೆ. ಒಂದು ಮೂಲೆಯ ತ್ಯಾಪಿಗಳು ಹಾಗೇ ಉಳಿದಿವೆ. ಹೆಣ್ಣುಮಕ್ಕಳು, ಬಳಗದವರು, ಕೊನೆಗೆ ನಾನು ಒಳಗೆ ತೂರುತ್ತೇವೆ. ಪರದೆ ಬೀಳುತ್ತದೆ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಕಣ್ಣು ಹೊಂದಿಕೊಂಡು, ಒಂದೊಂದೇ ಚುಕ್ಕಿ ಮೂಡುತ್ತದೆ.

“ಆ ಕಡೆ ಯಾಕ ಕತ್ತಲ ಐತಿ?” ದೇವೇಂದ್ರಪ್ಪನವರ ದನಿ.

“ಅಲ್ಲಿ ಮೋಡ ಐತ್ರಿ,” ಎನ್ನುತ್ತಾರೆ ಬಾಗಿಲ ಬಳಿಯಿಂದ ಮೋತಿಬಿ.

“ಮೋಡ ಅಲ್ರಿ ಸಾಹೇಬ್ರ, ತ್ಯಾಪಿ,” ಎನ್ನುತ್ತಾರೆ ಸಾಬೀರಾ. “ನಮ್ಮತ್ತಿ ತೂತಂತ ತಿಳದು ಮುಚ್ಚ್ಯಾರ. ನನಗ ತಗದು ಮುಗಸಾಕ ಆಗಲಿಲ್ಲ.”

ಕತ್ತಲಲ್ಲಿ ಅಧ್ಯಕ್ಷರ ಮುಖ ಕಾಣುವುದಿಲ್ಲ. ಅಷ್ಟರಲ್ಲಿ ಬಾಳೆಹೊಸೂರಿನಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು, “ಸರ್, ಇದು ನಮ್ಮೂರಿಗೂ ಬರ್ತೈತೇನ್ರಿ? ನಮ್ಮವ್ವ ನೋಡಬೇಕಿತ್ತು,” ಎನ್ನುತ್ತಾಳೆ.

ದೇವೇಂದ್ರಪ್ಪ ಕೈಚಾಚಿ ಒಂದು ಚುಕ್ಕಿಯ ಬೆಳಕಿಗೆ ಅಂಗೈ ಹಿಡಿಯುತ್ತಾರೆ. “ಮೊದಲ ಬಾಳೆಹೊಸೂರಿಗೆ ಒಯ್ಯೋಣು,” ಎನ್ನುತ್ತಾರೆ ಕೊನೆಗೆ. “ಆಮ್ಯಾಲೆ ಶಿರಹಟ್ಟಿ, ಮುಂಡರಗಿ. ರಾಕೆಟ್ಟಿಂದು ಬಿಡ್ರಿ.”

ಎಲ್ಲರೂ ಹೊರಬಿದ್ದ ಮೇಲೆ ಸಾಬೀರಾ ಉಳಿದ ತ್ಯಾಪಿಗಳಿಗೆ ಕೈ ಹಾಕುತ್ತಾರೆ. ಮೋತಿಬಿ ದಬ್ಬಣ ಕಿತ್ತುಕೊಳ್ಳುತ್ತಾರೆ.

“ತಾ ಇಲ್ಲಿ. ಜನ್ಮ ಎಲ್ಲಾ ತೂತ ಮುಚ್ಚೇನಿ. ಒಂದಾರ ಚುಕ್ಕಿ ನನ್ನ ಕೈಲೆ ಆಗ್ಲಿ.”